ಆಸಿಡ್‌ನಲ್ಲಿ ಅಳಿದ ಗುರುತು: ಮೊಣಕಾಲಿನ ಗಡ್ಡೆಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ರೋಗಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಹೆಚ್ಚು ಬೆಳೆಯುವ ಕಡೆಯವರು. ಹಂಗಾಮಿನಲ್ಲಿ ಒಣದ್ರಾಕ್ಷಿ ಶೆಡ್‌ನಲ್ಲಿ ಹಣ್ಣು ಆರಿಸುವ ಕೆಲಸ. ಹೆಸರು, ಊರು, ಮನೆತನ ಯಾವುದನ್ನೂ ಇಲ್ಲಿ ಕೊಡುತ್ತಿಲ್ಲ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಡ್ಡೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಓದುವ ಪೆಥಾಲಜಿಸ್ಟ್ ನಾನು. ಸ್ಲೈಡ್‌ನಲ್ಲಿ ಕಂಡದ್ದು, ಅದರ ಮೇಲೆ ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೆಯೇ ಇವೆ.

ಮೊದಲು ಬಂದದ್ದು ಬಲ ಮೊಣಕಾಲಿನ ಹೊರಬದಿಯ ನೋವು. ಕುಕ್ಕರಗಾಲಿನಲ್ಲಿ ಕೂತಾಗ ಜಾಸ್ತಿ. ಕೆಲಸದ ದಣಿವು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸಿದರು. ನೋವು ರಾತ್ರಿಗೂ ಬಂದಾಗ ಹತ್ತಿರದ ಪಟ್ಟಣದಲ್ಲಿ ಎಕ್ಸ್‌ರೇ ತೆಗೆಸಿದರು. ಅಲ್ಲಿ ಕ್ಯಾಲ್ಸಿಯಂ ಮಾತ್ರೆ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎಕ್ಸ್‌ರೇ ಫಿಲ್ಮು ಮನೆಯಲ್ಲೇ ಉಳಿಯಿತು.

ಕೆಲವು ತಿಂಗಳ ಮೇಲೆ ಶೆಡ್‌ನ ಕಟ್ಟೆಯಿಂದ ಇಳಿಯುವಾಗ ಕಾಲು ಹೊರಳಿತು. ಬಿದ್ದದ್ದು ದೊಡ್ಡದೇನಲ್ಲ, ಆದರೆ ಏಳಲಾಗಲಿಲ್ಲ. ತೊಡೆಯೆಲುಬಿನ ಕೆಳತುದಿಯಲ್ಲಿ ಬಿರುಕು ಬಿಟ್ಟಿತ್ತು. ಅಷ್ಟು ಸಣ್ಣ ಪೆಟ್ಟಿಗೆ ಈ ವಯಸ್ಸಿನವರ ಎಲುಬು ಮುರಿಯುವುದಿಲ್ಲ, ಒಳಗೆ ಏನೋ ಅದನ್ನು ತಿಂದಿರಬೇಕು ಎಂದು ಅಲ್ಲಿನ ಮೂಳೆ ವೈದ್ಯರು ಸರಿಯಾಗಿಯೇ ಸಂಶಯಪಟ್ಟರು. ಪ್ಲಾಸ್ಟರಿನ ಸ್ಲ್ಯಾಬ್ ಹಾಕಿ, ಎಂಆರ್‌ಐ ಮಾಡಿಸಿ, ಮುರಿತವಾದ ಸುಮಾರು ಮೂರು ವಾರಕ್ಕೆ ಬಯಾಪ್ಸಿ ತೆಗೆದರು. ಎಂಆರ್‌ಐಯಲ್ಲಿ ರಕ್ತ ತುಂಬಿದ ಜಾಗ, ಸುತ್ತಲಿನ ಬಾವು, ಗಡ್ಡೆ ಎಲ್ಲವೂ ಒಂದರೊಳಗೊಂದು ಕಲೆಸಿಹೋಗಿದ್ದವು. ಗಡ್ಡೆಯ ಅಂಚು ಯಾವುದು, ಮುರಿತದ ಬಾವು ಯಾವುದು ಎಂದು ಅದರಿಂದ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಎರಡು ವರದಿಗಳು

ಬಯಾಪ್ಸಿಯ ಮೊದಲ ವರದಿಯಲ್ಲಿ ಮೂರು ಸಂಗತಿಗಳಿದ್ದವು. ಬಹುನ್ಯೂಕ್ಲಿಯಸ್ ಇರುವ ದೈತ್ಯಕೋಶಗಳು ಧಾರಾಳವಾಗಿವೆ. ನಡುವೆ ಹೊಸದಾಗಿ ಹುಟ್ಟುತ್ತಿರುವ ಎಲುಬಿನ ಎಳೆಗಳು, ಅಂದರೆ ಆಸ್ಟಿಯಾಯ್ಡ್ ಕಾಣುತ್ತದೆ. ವಿಭಜನೆಯಾಗುತ್ತಿರುವ ಕೋಶಗಳೂ ಸಾಕಷ್ಟಿವೆ. ಹಾಗಾಗಿ ದೈತ್ಯಕೋಶಗಳು ಹೆಚ್ಚಿರುವ ಆಸ್ಟಿಯೋಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರನ್ನು ತಳ್ಳಿಹಾಕಲಾಗದು, ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ ಮಾಡಿಸಿ ಎಂಬ ಸಲಹೆ. ಕ್ಷಯವೂ ಮೊದಲ ಪಟ್ಟಿಯಲ್ಲಿತ್ತು. ನಮ್ಮ ಕಡೆ ಮೊಣಕಾಲಿನ ಯಾವ ಊತಕ್ಕೂ ಅದನ್ನು ನೆನೆಯಲೇಬೇಕು. ಆದರೆ ಕ್ಷಯದ ಕುರುಹಾದ ಕೋಶಗುಂಪು, ಅಂದರೆ ಗ್ರ್ಯಾನ್ಯುಲೋಮಾ, ಎಲ್ಲೂ ಇರಲಿಲ್ಲ.

ಮೊದಲ ವರದಿಯಲ್ಲಿ ನನಗೆ ತಕರಾರಿಲ್ಲ. ಅನುಮಾನವನ್ನು ಅನುಮಾನವಾಗಿಯೇ ಬರೆದಿತ್ತು. ತೊಂದರೆ ಶುರುವಾದದ್ದು ಎರಡನೆಯದರಿಂದ. ಬ್ಲಾಕನ್ನು, ಅಂದರೆ ಮೇಣದಲ್ಲಿ ಕೂರಿಸಿದ ತುಣುಕನ್ನು, ದೊಡ್ಡ ಊರಿನ ಪ್ರಯೋಗಾಲಯವೊಂದಕ್ಕೆ ಕಳಿಸಿ ಬಣ್ಣ ಹಾಕಿಸಿದಾಗ ಬಂದ ಉತ್ತರ ಹೀಗಿತ್ತು (ಈ ಗುರುತುಗಳ ಅರ್ಥ ಮುಂದಿದೆ): ಎಸ್‌ಎಟಿಬಿ2 ಅಲ್ಲಲ್ಲಿ ಪಾಸಿಟಿವ್, ಎಚ್3.3 ಜಿ34ಡಬ್ಲ್ಯೂ ನೆಗೆಟಿವ್, ಕೆಐ-67 ತೀರ ಕಡಿಮೆ. ಅದರ ಕೆಳಗೆ ತೀರ್ಮಾನದ ಸಾಲು: ದೈತ್ಯಕೋಶಗಳು ಹೆಚ್ಚಿರುವ ಆಸ್ಟಿಯೋಸಾರ್ಕೋಮಾದ ಪರ.

ಈ ಒಂದು ಸಾಲಿನ ತೂಕ ಏನೆಂದು ರೋಗಿಯ ಕಡೆಯಿಂದ ನೋಡಬೇಕು. ಆಸ್ಟಿಯೋಸಾರ್ಕೋಮಾ ಎಂದರೆ ಮೊದಲು ಕೀಮೋ. ಸಿಸ್‌ಪ್ಲಾಟಿನ್, ಡಾಕ್ಸೊರುಬಿಸಿನ್, ಎಳೆಯರಿಗೆ ಜೊತೆಗೆ ಹೆಚ್ಚಿನ ಡೋಸಿನ ಮೆಥೊಟ್ರೆಕ್ಸೇಟ್. ಕಿವಿ, ಕಿಡ್ನಿ, ಹೃದಯ, ಮುಂದೆ ಮಕ್ಕಳಾಗುವ ಶಕ್ತಿ ಎಲ್ಲದರ ಮೇಲೂ ಅದರ ಭಾರ ಬೀಳುತ್ತದೆ. ಆಮೇಲೆ ಗಡ್ಡೆಯ ಸುತ್ತಲಿನ ಆರೋಗ್ಯದ ಎಲುಬನ್ನೂ ಸೇರಿಸಿ ಕತ್ತರಿಸಿ ಲೋಹದ ಮೊಣಕಾಲು ಕೂರಿಸುವುದು, ಅದಾಗದಿದ್ದರೆ ಕಾಲನ್ನೇ ತೆಗೆಯುವುದು. ಅದೇ ಗಡ್ಡೆ ದೈತ್ಯಕೋಶ ಗಡ್ಡೆ ಎಂಬ ಕ್ಯಾನ್ಸರಲ್ಲದ ಬಗೆಯದಾಗಿದ್ದರೆ ಕೀಮೋ ಬೇಕೇ ಇಲ್ಲ. ಕೆರೆದು ತೆಗೆದು, ಖಾಲಿ ಜಾಗಕ್ಕೆ ಸಿಮೆಂಟು ತುಂಬಿ, ಸ್ವಂತ ಕೀಲನ್ನು ಉಳಿಸಿಕೊಳ್ಳಬಹುದು.

ಕೀಮೋ ಶುರುಮಾಡುವ ಮೊದಲು ಸ್ಲೈಡುಗಳನ್ನು ಇನ್ನೊಬ್ಬರು ನೋಡಲಿ ಎಂದು ಕ್ಯಾನ್ಸರ್ ವೈದ್ಯರೇ ಅವನ್ನು ನಮ್ಮಲ್ಲಿಗೆ ಕಳಿಸಿದರು. ತಂದವರು ಆಕೆಯ ತಂದೆ. ಅವರು ಕೇಳಿದ್ದು ಒಂದೇ: "ಕಾಲ ಉಳೀತೈತೇನ್ರಿ?"

ಈ ಗುರುತುಗಳು ಹೇಳುವುದೇನು

ಮುಂದಿನದು ತಿಳಿಯಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು.

ಗಡ್ಡೆಯ ತೆಳು ಪದರದ ಮೇಲೆ ಒಂದು ನಿರ್ದಿಷ್ಟ ಪ್ರೋಟೀನ್‌ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಇದೇ ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಎಲುಬು ಮತ್ತು ಮೃದ್ವಸ್ಥಿಯ ಗಡ್ಡೆಗಳಲ್ಲಿ ದಶಕಗಳ ಕಾಲ ಇದರಿಂದ ಹೆಚ್ಚು ಉಪಯೋಗವಿರಲಿಲ್ಲ. ಎಸ್100 ಎಂಬ ಗುರುತು ಮೃದ್ವಸ್ಥಿಯ ಗಡ್ಡೆಗಳಲ್ಲಿ ಬರುತ್ತದೆ, ಆದರೆ ಕಾರ್ಡೋಮಾ ಎಂಬ ಬೇರೆ ಕ್ಯಾನ್ಸರಿನಲ್ಲೂ ಬರುತ್ತದೆ. ಬೆನ್ನೆಲುಬಿನ ತಳದಲ್ಲಿ ಈ ಎರಡನ್ನು ಬೇರೆ ಮಾಡಲು ಬ್ರಾಕಿಯೂರಿ ಎಂಬ ಇನ್ನೊಂದು ಗುರುತು ಬೇಕಾಯಿತು. ಅದು ಕಾರ್ಡೋಮಾದಲ್ಲಿ ಬರುತ್ತದೆ, ಮೃದ್ವಸ್ಥಿಯ ಕ್ಯಾನ್ಸರಾದ ಸಾಮಾನ್ಯ ಕಾಂಡ್ರೋಸಾರ್ಕೋಮಾದಲ್ಲಿ ಬರುವುದಿಲ್ಲ. ಸಿಡಿ99 ಯೂಯಿಂಗ್ ಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರಿನಲ್ಲಿ ಢಾಳಾಗಿ ಬರುತ್ತದೆ, ಆದರೆ ಮೀಸೆನ್‌ಕೈಮಲ್ ಕಾಂಡ್ರೋಸಾರ್ಕೋಮಾದಲ್ಲೂ ಬಂದು ದಾರಿ ತಪ್ಪಿಸುತ್ತದೆ. ಎಂಡಿಎಂ2 ಮತ್ತು ಸಿಡಿಕೆ4 ಜೋಡಿ ಕಡಿಮೆ ದರ್ಜೆಯ ಆಸ್ಟಿಯೋಸಾರ್ಕೋಮಾವನ್ನು ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ ಕ್ಯಾನ್ಸರಲ್ಲದ ರೋಗದಿಂದ ಬೇರ್ಪಡಿಸಲು ನೆರವಾಗುತ್ತದೆ.

ದೊಡ್ಡ ಬದಲಾವಣೆ ಬಂದದ್ದು 2013ರಲ್ಲಿ. ಹಿಸ್ಟೋನ್ ಎಂಬುದು ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್. ದೈತ್ಯಕೋಶ ಗಡ್ಡೆಗಳಲ್ಲಿ ಸುಮಾರು 90 ಪ್ರತಿಶತದಲ್ಲಿ ಎಚ್3.3 ಹಿಸ್ಟೋನ್‌ನ 34ನೇ ಸ್ಥಾನದಲ್ಲಿ ಬದಲಾವಣೆ ಇದೆ ಎಂದು ಆ ವರ್ಷ ಗೊತ್ತಾಯಿತು. ಹೆಚ್ಚಿನವುಗಳಲ್ಲಿ ಅಲ್ಲಿರಬೇಕಾದ ಗ್ಲೈಸಿನ್ ಬದಲು ಟ್ರಿಪ್ಟೊಫ್ಯಾನ್ ಕೂತಿರುತ್ತದೆ. ಅದೇ ಜಿ34ಡಬ್ಲ್ಯೂ. ಕಾಂಡ್ರೋಬ್ಲಾಸ್ಟೋಮಾ ಎಂಬ ಇನ್ನೊಂದು ಕ್ಯಾನ್ಸರಲ್ಲದ ಗಡ್ಡೆಯ ಬಹುಪಾಲಿನಲ್ಲಿ 36ನೇ ಸ್ಥಾನದ ಲೈಸಿನ್ ಬದಲು ಮೆಥಿಯೊನಿನ್, ಅದು ಕೆ36ಎಂ. ಎರಡೂ ಎಲುಬಿನ ತುದಿಯಲ್ಲೇ ಹುಟ್ಟುತ್ತವೆ, ಎರಡರಲ್ಲೂ ದೈತ್ಯಕೋಶಗಳಿರುತ್ತವೆ. ಎರಡನೆಯದು ಹೆಚ್ಚಾಗಿ ಬೆಳೆಯುವ ಮಕ್ಕಳಲ್ಲಿ, ಮೊದಲನೆಯದು ಎಲುಬಿನ ಬೆಳವಣಿಗೆ ಮುಗಿದ ಮೇಲೆ, 20ರಿಂದ 45ರ ನಡುವೆ. ಆಮೇಲೆ ಈ ಬದಲಾದ ಹಿಸ್ಟೋನ್‌ಗೇ ಅಂಟುವ ಆಂಟಿಬಾಡಿಗಳು ಬಂದವು. ಸಣ್ಣ ಬಯಾಪ್ಸಿಯಲ್ಲೂ ಉತ್ತರ ಸಿಗುವಂತಾಯಿತು.

ಎಸ್‌ಎಟಿಬಿ2 ಬೇರೆ ಜಾತಿಯದು. ಅದು ಎಲುಬು ಕಟ್ಟುವ ದಾರಿಗೆ ಬಿದ್ದ ಕೋಶಗಳ ನ್ಯೂಕ್ಲಿಯಸ್‌ನಲ್ಲಿ ಇರುತ್ತದೆ. ಕೋಶ ಕ್ಯಾನ್ಸರಿನದೋ ಅಲ್ಲವೋ ಎಂಬುದು ಅದಕ್ಕೆ ಲೆಕ್ಕವಿಲ್ಲ. ಆಸ್ಟಿಯೋಸಾರ್ಕೋಮಾದಲ್ಲಿ ಬರುತ್ತದೆ, ಕ್ಯಾನ್ಸರಲ್ಲದ ಆಸ್ಟಿಯೋಬ್ಲಾಸ್ಟೋಮಾದಲ್ಲಿ ಬರುತ್ತದೆ, ದೈತ್ಯಕೋಶ ಗಡ್ಡೆಯ ಕೋಶಗಳಲ್ಲಿ ಬರುತ್ತದೆ, ಮುರಿದ ಎಲುಬು ಕೂಡಿಕೊಳ್ಳುವಾಗ ಅಲ್ಲಿ ದುಡಿಯುವ ಆರೋಗ್ಯವಂತ ಕೋಶಗಳಲ್ಲೂ ಬರುತ್ತದೆ. ಹಾಗಾಗಿ ಈ ರೋಗಿಯಲ್ಲಿ ಎಸ್‌ಎಟಿಬಿ2 ಪಾಸಿಟಿವ್ ಬಂದದ್ದರಿಂದ ಯಾವ ಕಡೆಗೂ ತೂಕ ಬೀಳುವಂತಿರಲಿಲ್ಲ. ಎರಡನೇ ವರದಿಯ ಆಧಾರವೆಲ್ಲ ಜಿ34ಡಬ್ಲ್ಯೂ ನೆಗೆಟಿವ್ ಎಂಬ ಒಂದು ಮಾತಿನ ಮೇಲೆ ನಿಂತಿತ್ತು.

ಹೊಂದಿಕೆಯಾಗದ ಸಂಗತಿ

ಸ್ಲೈಡ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿರೋಧ ಕಣ್ಣಿಗೆ ಬಿತ್ತು. ಸಾಮಾನ್ಯ ಗುಲಾಬಿ-ನೀಲಿ ಬಣ್ಣದ ಸ್ಲೈಡ್‌ನಲ್ಲಿ ವಿಭಜನೆಯ ಹಂತದಲ್ಲಿರುವ ಕೋಶಗಳು ಸುಲಭವಾಗಿ ಸಿಗುತ್ತಿದ್ದವು. ವಿಭಜನೆಯಾಗುತ್ತಿರುವ ಪ್ರತಿ ಕೋಶದಲ್ಲೂ ಕೆಐ-67 ಎಂಬ ಪ್ರೋಟೀನ್ ಇರಲೇಬೇಕು. ಆದರೆ ಕೆಐ-67 ಹಾಕಿದ ಸ್ಲೈಡು ಹೆಚ್ಚುಕಡಿಮೆ ಖಾಲಿ. ಕೋಶ ವಿಭಜನೆಯಾಗುತ್ತಿದೆ ಎಂದು ಒಂದು ಸ್ಲೈಡು, ಇಲ್ಲ ಎಂದು ಇನ್ನೊಂದು. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ನ್ಯೂಕ್ಲಿಯಸ್‌ಗಳ ನೀಲಿಯೂ ಮಾಸಿತ್ತು. ಅಂಚು ಕರಗಿದ ಹಾಗೆ, ಒಳಗಿನ ಕ್ರೊಮಾಟಿನ್ ಒರೆಸಿದ ಹಾಗೆ ಕಾಣುತ್ತಿತ್ತು. ಮೂಳೆಯ ಬಯಾಪ್ಸಿ ನೋಡಿ ಅಭ್ಯಾಸವಿರುವವರಿಗೆ ಈ ಚಹರೆ ಪರಿಚಿತ. ಹುಳಿನೀರಿನಲ್ಲಿಟ್ಟ ಮೊಟ್ಟೆಯ ಚಿಪ್ಪು ಕರಗುವಂತೆ ಎಲುಬಿನ ಸುಣ್ಣವನ್ನು ಆಸಿಡ್‌ನಲ್ಲಿ ಕರಗಿಸದೆ ಅದನ್ನು ತೆಳ್ಳಗೆ ಕೊಯ್ಯಲಾಗುವುದಿಲ್ಲ. ಇದಕ್ಕೆ ಡೀಕ್ಯಾಲ್ಸಿಫಿಕೇಶನ್ ಎನ್ನುತ್ತೇವೆ. ನೈಟ್ರಿಕ್ ಆಸಿಡ್, ಹೈಡ್ರೋಕ್ಲೋರಿಕ್ ಆಸಿಡ್ ಗಂಟೆಗಳಲ್ಲಿ ಕೆಲಸ ಮುಗಿಸುತ್ತವೆ. ಫಾರ್ಮಿಕ್ ಆಸಿಡ್ ನಿಧಾನ, ಆದರೆ ಸೌಮ್ಯ. ಸುಣ್ಣವನ್ನು ಹಿಡಿದು ಹೊರಗೆಳೆಯುವ ಇಡಿಟಿಎ ಇನ್ನೂ ನಿಧಾನ, ದಿನಗಟ್ಟಲೆ ಬೇಕು, ಗಟ್ಟಿ ತುಣುಕಿಗೆ ವಾರಗಳೇ ಬೇಕು, ಆದರೆ ಪ್ರೋಟೀನು ಮತ್ತು ಡಿಎನ್‌ಎ ಎರಡನ್ನೂ ಉಳಿಸುತ್ತದೆ. ಬಲವಾದ ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸುಣ್ಣದ ಜೊತೆಗೆ ನಾವು ಹುಡುಕುವ ಗುರುತೂ ಹೋಗುತ್ತದೆ. ಎಲ್ಲ ಪ್ರೋಟೀನೂ ಒಂದೇ ರೀತಿ ಸೋಲುವುದಿಲ್ಲ. ಕೆಲವು ತಡೆದುಕೊಳ್ಳುತ್ತವೆ, ಕೆಐ-67ರಂಥವು ಬೇಗ ಹೋಗುತ್ತವೆ. ಒಂದು ಬಣ್ಣ ಬಂದಿದೆ, ಹಾಗಾಗಿ ಬ್ಲಾಕು ಸರಿಯಿದೆ ಎಂದು ನಂಬುವಂತಿಲ್ಲ ಎಂಬುದು ಇದರಿಂದಲೇ.

ಬ್ಲಾಕು ತಯಾರಿಸಿದ ಕಡೆ ಫೋನು ಮಾಡಿ ಕೇಳಿದೆವು. ತುಣುಕುಗಳನ್ನು ಒಂದು ರಾತ್ರಿ ನೈಟ್ರಿಕ್ ಆಸಿಡ್‌ನಲ್ಲಿ ಇಟ್ಟಿದ್ದೆವು ಎಂದು ಅಲ್ಲಿನ ತಂತ್ರಜ್ಞರು ಮುಚ್ಚುಮರೆ ಇಲ್ಲದೆ ಹೇಳಿದರು. ವರದಿ ಬೇಗ ಬೇಕೆಂದು ಮೇಲಿನಿಂದ ಒತ್ತಡವಿತ್ತಂತೆ. ಅವರ ಆ ನೇರ ಉತ್ತರ ಈ ಪ್ರಕರಣದಲ್ಲಿ ದೊಡ್ಡ ಉಪಕಾರ.

ಜಿ34ಡಬ್ಲ್ಯೂ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ನನ್ನ ಅನುಭವದಲ್ಲಿ ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೇರೆ ಹಲವು ಬಣ್ಣಗಳಿಗೆ ಅದೇ ತುಣುಕಿನಲ್ಲಿ ಸಾಕ್ಷಿ ಇರುತ್ತದೆ. ಇಆರ್‌ಜಿ ಎಂಬ ಗುರುತಿಗೆ ಬಣ್ಣ ಹಾಕಿದರೆ ಯಾವ ರೋಗಿಯಲ್ಲೂ ರಕ್ತನಾಳದ ಒಳಪದರ ಕಂದಾಗಬೇಕು. ಆಗದಿದ್ದರೆ ಪರೀಕ್ಷೆ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಜಿ34ಡಬ್ಲ್ಯೂ ಬದಲಾವಣೆ ಆರೋಗ್ಯವಂತ ಕೋಶಗಳಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಆ ಸ್ಲೈಡು ಪೂರ್ತಿ ನೀಲಿಯಾಗಿ ಬಂದರೆ ಗಡ್ಡೆಯಲ್ಲಿ ಅದು ಇಲ್ಲವೋ, ಇದ್ದದ್ದು ಆಸಿಡ್‌ನಲ್ಲಿ ಹೋಯಿತೋ ಎಂದು ಆ ಸ್ಲೈಡೇ ಹೇಳಲಾರದು. ಪಕ್ಕದಲ್ಲಿ ಬೇರೆ ಸಾಕ್ಷಿ ಬೇಕು. ಅದೇ ಬ್ಲಾಕಿನ ಮೇಲೆ ಇಆರ್‌ಜಿ ಹಾಕಿಸಿದೆವು. ರಕ್ತನಾಳಗಳು ತುಂಬಿದ್ದ ತುಣುಕಿನಲ್ಲಿ ಒಂದೂ ನ್ಯೂಕ್ಲಿಯಸ್ ಕಂದಾಗಲಿಲ್ಲ.

ಅಲ್ಲಿಗೆ ಎರಡನೇ ವರದಿಯ ನೆಗೆಟಿವ್ ಎಂಬುದಕ್ಕೆ ಅರ್ಥವಿಲ್ಲದಂತಾಯಿತು. ಆದರೆ ಗಡ್ಡೆ ಯಾವುದೆಂದು ಇನ್ನೂ ಗೊತ್ತಾಗಿರಲಿಲ್ಲ. ಬ್ಲಾಕು ಕೆಟ್ಟಿದೆ ಎಂದರೆ ಆಸ್ಟಿಯೋಸಾರ್ಕೋಮಾ ಅಲ್ಲ ಎಂದಲ್ಲ.

ಏನೇನು ಮಾಡಿದೆವು

ಕ್ಯಾನ್ಸರ್ ವೈದ್ಯರ ಆತಂಕ ನ್ಯಾಯವಾದದ್ದೇ. ಆಸ್ಟಿಯೋಸಾರ್ಕೋಮಾ ಆಗಿದ್ದರೆ ವಾರಗಟ್ಟಲೆ ಕಾಯುವುದು ರೋಗಿಗೆ ಅನ್ಯಾಯ. ಆಗಿರದಿದ್ದರೆ ಕೀಮೋದ ಒಂದು ಸುತ್ತೂ ಅನ್ಯಾಯ. ಫೋನಿನಲ್ಲಿ ದೀರ್ಘವಾಗಿ ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಕೀಮೋದ ದಿನವನ್ನು ಸ್ವಲ್ಪವೇ ಮುಂದೂಡುವುದು, ಆಸಿಡ್ ತಗಲದ ತುಣುಕು ಉಳಿದಿದ್ದರೆ ಅಷ್ಟರೊಳಗೆ ಅದರ ಮೇಲೆ ಉತ್ತರ ತರುವುದು, ಸಿಗದಿದ್ದರೆ ಮತ್ತೆ ಬಯಾಪ್ಸಿ. ಮರು ಬಯಾಪ್ಸಿಗೆ ಆಪರೇಶನ್ ಥಿಯೇಟರಿನ ದಿನವನ್ನೂ ಅದೇ ಹೊತ್ತಿಗೆ ಹಿಡಿದಿಟ್ಟೆವು, ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯಲಿಲ್ಲ.

ಬಯಾಪ್ಸಿ ತುಣುಕೆಲ್ಲ ಸಾಮಾನ್ಯವಾಗಿ ಒಂದೇ ಸಲ ಖರ್ಚಾಗುವುದಿಲ್ಲ. ಮೊದಲ ಪ್ರಯೋಗಾಲಯದ ಬಾಟಲಿಯಲ್ಲಿ ಫಾರ್ಮಲಿನ್‌ನೊಳಗೆ ಏನಾದರೂ ಉಳಿದಿದೆಯೇ ಎಂದು ಕೇಳಿದೆವು. ಉಳಿದಿತ್ತು. ಕೆಂಗಂದು ಬಣ್ಣದ, ಬೆರಳಲ್ಲಿ ಒತ್ತಿದರೆ ಮೆತ್ತಗಿರುವ ಕೆಲವು ಚೂರು. ಗಟ್ಟಿ ಎಲುಬಿನ ತುಣುಕುಗಳ ಮೇಲೆ ಗಮನ ಹೋಗಿ, ಈ ಮೆತ್ತನೆಯ ಭಾಗ ಬಾಟಲಿಯಲ್ಲೇ ಕೂತಿತ್ತು. ಇದಕ್ಕೆ ಆಸಿಡ್ ಬೇಕಾಗಿಯೇ ಇರಲಿಲ್ಲ. ದೈತ್ಯಕೋಶ ಗಡ್ಡೆಯ ಬಹುಭಾಗ ಹೀಗೇ ಮೃದುವಾಗಿರುತ್ತದೆ. ಎಲುಬಿನ ಬಯಾಪ್ಸಿ ಎಂದ ಕೂಡಲೆ ಇಡೀ ಬಾಟಲಿಯನ್ನು ಆಸಿಡ್‌ಗೆ ಸುರಿಯುವ ರೂಢಿ ಅನೇಕ ಕಡೆ ಇದೆ. ಅದು ನಿಲ್ಲಬೇಕು.

ಅಷ್ಟರಲ್ಲಿ ಎರಡು ಸಣ್ಣ ಕೆಲಸ ಉಳಿದಿದ್ದವು. ಒಂದು, ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಪ್ಯಾರಾಥೈರಾಯ್ಡ್ ಹಾರ್ಮೋನು. ಈ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಎಲುಬಿನಲ್ಲಿ ದೈತ್ಯಕೋಶ ತುಂಬಿದ ಗಡ್ಡೆಗಳು ಹುಟ್ಟುತ್ತವೆ. ಅವಕ್ಕೆ ಬ್ರೌನ್ ಟ್ಯೂಮರ್ ಎಂಬ ಹೆಸರು. ಸೂಕ್ಷ್ಮದರ್ಶಕದಡಿ ಅದನ್ನೂ ಇದನ್ನೂ ಬೇರೆ ಮಾಡುವುದು ಕಷ್ಟ. ರಕ್ತಪರೀಕ್ಷೆಯಲ್ಲಿ ಸುಲಭ. ಮೂರೂ ಸರಿಯಿದ್ದವು.

ಎರಡನೆಯದು ಎಕ್ಸ್‌ರೇ. ನಮ್ಮ ಕೈಗೆ ಬಂದ ಚಿತ್ರಗಳೆಲ್ಲ ಮುರಿತದ ನಂತರದವು. ಇದಕ್ಕೆ ಮೊದಲು ಯಾವಾಗಲಾದರೂ ಕಾಲಿನ ಫೋಟೊ ತೆಗೆಸಿದ್ದಿರಾ ಎಂದು ತಂದೆಯನ್ನು ಕೇಳಿದೆ. "ಹಳೇದೊಂದು ಐತ್ರಿ, ಅದರಾಗ ಏನೂ ಇಲ್ಲಂದಿದ್ರು," ಎಂದರು. ಮರುದಿನ ಫಿಲ್ಮು ತಂದರು.

ಅದರಲ್ಲಿ ಇತ್ತು. ತೊಡೆಯೆಲುಬಿನ ಹೊರಬದಿಯ ತುದಿಯಲ್ಲಿ, ಕೀಲಿನ ಮೃದ್ವಸ್ಥಿಯ ಬುಡದವರೆಗೆ ಹೋದ, ನಡುವಿನಿಂದ ಒಂದು ಬದಿಗೆ ಸರಿದ ಕಪ್ಪು ಜಾಗ. ಅಂಚು ಚೊಕ್ಕವಾಗಿದೆ, ಆದರೆ ಅದರ ಸುತ್ತ ಬಿಳಿ ಗೋಡೆ ಕಟ್ಟಿಲ್ಲ. ಒಳಗೆ ಎಲುಬಿನ ಮೋಡವಿಲ್ಲ. ಹೊರಪೊರೆ ಎದ್ದು ನಿಂತಿಲ್ಲ. ಬೆಳವಣಿಗೆಯ ಫಲಕ ಮುಚ್ಚಿದೆ. ದೈತ್ಯಕೋಶ ಗಡ್ಡೆಯ ಚಿತ್ರ ಹೀಗೇ ಇರುತ್ತದೆ. ಆಸ್ಟಿಯೋಸಾರ್ಕೋಮಾ ಸಾಮಾನ್ಯವಾಗಿ ಎಲುಬಿನ ತುದಿಗಿಂತ ಸ್ವಲ್ಪ ಮೇಲೆ ಹುಟ್ಟುತ್ತದೆ, ಒಳಗೇ ಹೊಸ ಎಲುಬು ಕಟ್ಟುತ್ತದೆ, ಹೊರಪೊರೆಯನ್ನು ಎಬ್ಬಿಸುತ್ತದೆ. ಬಯಾಪ್ಸಿಯಲ್ಲಿ ಎಲ್ಲರನ್ನೂ ಹೆದರಿಸಿದ ಹೊಸ ಎಲುಬಿನ ಎಳೆಗಳು ಮುರಿತಕ್ಕೆ ಮೊದಲಿನ ಫಿಲ್ಮಿನಲ್ಲಿ ಇರಲೇ ಇಲ್ಲ. ಮುರಿತವಾಗಿ ಮೂರು ವಾರಕ್ಕೆ ಬಯಾಪ್ಸಿ ತೆಗೆದದ್ದು. ಅಷ್ಟು ಹೊತ್ತಿಗೆ ಯಾವ ಮುರಿತದಲ್ಲೂ ದೇಹ ಹೊಸ ಎಲುಬನ್ನು ಹೆಣೆಯತೊಡಗಿರುತ್ತದೆ. ಕೋಶಗಳೂ ಜೋರಾಗಿ ವಿಭಜನೆಯಾಗುತ್ತಿರುತ್ತವೆ. ಸೂಜಿ ಹೋದದ್ದು ಆ ದುರಸ್ತಿಯ ಜಾಗಕ್ಕೆ ಎಂಬ ಸಂಶಯ ಬಲವಾಯಿತು.

ಫಲಿತಾಂಶ

ಮೆತ್ತನೆಯ ಚೂರುಗಳನ್ನು ಆಸಿಡ್ ತೋರಿಸದೆ ನೇರವಾಗಿ ಬ್ಲಾಕು ಮಾಡಿಸಿದೆವು. ಜಿ34ಡಬ್ಲ್ಯೂ ಆಂಟಿಬಾಡಿ ಎಲ್ಲ ಜಿಲ್ಲೆಗಳಲ್ಲಿ ಸಿಗುವಂಥದ್ದಲ್ಲ, ಕೊರಿಯರ್‌ನಲ್ಲಿ ಹೊರಗೆ ಕಳಿಸಬೇಕಾಯಿತು. ಕಳಿಸುವಾಗ ಬೇಡಿಕೆಯ ಚೀಟಿಯಲ್ಲಿ ನಾಲ್ಕು ಸಾಲು ಹೆಚ್ಚು ಬರೆದೆವು. ಡೀಕ್ಯಾಲ್ಸಿಫಿಕೇಶನ್ ಆಗಿಲ್ಲ, ಫಾರ್ಮಲಿನ್‌ನಲ್ಲಿ ಹೆಚ್ಚು ದಿನ ಇತ್ತು, ಮುರಿತದ ಇತಿಹಾಸವಿದೆ, ಜಿ34ಡಬ್ಲ್ಯೂ ಜೊತೆಗೆ ಇಆರ್‌ಜಿ ಮತ್ತು ಕೆಐ-67 ಕೂಡ ಹಾಕಿ. ಫಾರ್ಮಲಿನ್‌ನಲ್ಲಿ ವಾರಗಟ್ಟಲೆ ಕೂತ ತುಣುಕಿನಲ್ಲೂ ಕೆಲವು ಬಣ್ಣ ಮಂಕಾಗುತ್ತವೆ. ಹಾಗಾಗಿ ಸಾಕ್ಷಿ ಇಲ್ಲಿಯೂ ಬೇಕಿತ್ತು.

ಸಾಕ್ಷಿಗಳು ಎರಡೂ ಹಾಜರಾದವು. ಇಆರ್‌ಜಿಯಲ್ಲಿ ರಕ್ತನಾಳಗಳು ಎದ್ದು ಕಂಡವು, ಕೆಐ-67 ವಿಭಜನೆಯಾಗುತ್ತಿರುವ ಕೋಶಗಳ ಜೊತೆ ಹೊಂದಿಕೊಂಡಿತು. ಜಿ34ಡಬ್ಲ್ಯೂ ಹಾಕಿದ ಸ್ಲೈಡ್‌ನಲ್ಲಿ ಒಂದೇ ನ್ಯೂಕ್ಲಿಯಸ್ ಇರುವ ಕೋಶಗಳು ಗಾಢ ಕಂದು, ಅವುಗಳ ನಡುವಿನ ದೈತ್ಯಕೋಶಗಳ ನ್ಯೂಕ್ಲಿಯಸ್‌ಗಳು ನೀಲಿ. ಈ ವಿನ್ಯಾಸ ನೋಡಿದವರು ಮರೆಯುವುದಿಲ್ಲ. ಹೆಸರಿಗೆ ಕಾರಣವಾದ ದೈತ್ಯಕೋಶಗಳು ಈ ಗಡ್ಡೆಯ ನಿಜವಾದ ಗಡ್ಡೆಕೋಶಗಳಲ್ಲ. ಗಡ್ಡೆಯ ಒಂಟಿನ್ಯೂಕ್ಲಿಯಸ್ ಕೋಶಗಳು ರ್‍ಯಾಂಕ್ ಲೈಗ್ಯಾಂಡ್ ಎಂಬ ಸಂಕೇತ ಕೊಟ್ಟು ಅವನ್ನು ಕೂಡಿಸಿಕೊಂಡಿರುತ್ತವೆ, ಎಲುಬನ್ನು ತಿನ್ನುವ ಕೆಲಸ ಅವುಗಳಿಂದ ಮಾಡಿಸುತ್ತವೆ. ಬದಲಾದ ಹಿಸ್ಟೋನ್ ಇರುವುದು ಕರೆಸಿಕೊಂಡವರಲ್ಲಿ, ಬಂದವರಲ್ಲಲ್ಲ. ಕೆ36ಎಂ ನೆಗೆಟಿವ್. ಎಸ್‌ಎಟಿಬಿ2 ಇಲ್ಲಿಯೂ ಪಾಸಿಟಿವ್, ಮೊದಲೇ ಹೇಳಿದ ಕಾರಣಕ್ಕೆ.

ಜಿ34ಡಬ್ಲ್ಯೂ ಪಾಸಿಟಿವ್ ಬಂತೆಂದು ಅಲ್ಲಿಗೆ ಮುಗಿಸುವಂತಿರಲಿಲ್ಲ. ಅಪರೂಪಕ್ಕೆ ಇದೇ ಗಡ್ಡೆ ಕ್ಯಾನ್ಸರಾಗಿ ತಿರುಗುವುದುಂಟು, ಆಗಲೂ ಆ ಗುರುತು ಉಳಿದಿರಬಹುದು. ಆದ್ದರಿಂದ ಕೋಶಗಳ ರೂಪವನ್ನು ಮತ್ತೆ ಕೂತು ನೋಡಿದೆವು. ಒಂಟಿ ಕೋಶಗಳ ನ್ಯೂಕ್ಲಿಯಸ್‌ಗಳು ದೈತ್ಯಕೋಶದೊಳಗಿನವುಗಳ ಹಾಗೆಯೇ ಇದ್ದವು, ದುಂಡಗೆ, ಒಂದೇ ಬಗೆ. ವಿಕಾರವಾಗಿ ಹಿಗ್ಗಿದವು ಇರಲಿಲ್ಲ. ವಿಭಜನೆಗಳು ಸಾಕಷ್ಟಿದ್ದರೂ ಆಕಾರಗೆಟ್ಟವು ಒಂದೂ ಸಿಗಲಿಲ್ಲ. ಸಂಖ್ಯೆ ಹೆಚ್ಚಿರುವುದು ಈ ಗಡ್ಡೆಯಲ್ಲಿ ಮಾಮೂಲು, ಆಕಾರ ಕೆಡುವುದು ಮಾಮೂಲಲ್ಲ. ಎದೆಯ ಸಿಟಿಯೂ ಶುದ್ಧವಾಗಿತ್ತು. ವರದಿ ಬರೆದೆವು: ಎಲುಬಿನ ದೈತ್ಯಕೋಶ ಗಡ್ಡೆ, ಮುರಿತದ ದುರಸ್ತಿಯೊಡನೆ. ಮರು ಬಯಾಪ್ಸಿಗೆ ಹಿಡಿದಿಟ್ಟ ದಿನವನ್ನು ಬಿಟ್ಟುಕೊಟ್ಟೆವು. ಕೀಮೋ ರದ್ದಾಯಿತು.

ಡಿನೋಸುಮ್ಯಾಬ್ ಬೇಕೇ?

ಮುಂದಿನ ತೀರ್ಮಾನ ನನ್ನದಲ್ಲ, ಆದರೆ ಚರ್ಚೆಯಲ್ಲಿ ನಾನಿದ್ದೆ. ಇಲ್ಲಿಯೂ ಎಡವಲು ಜಾಗವಿತ್ತು. ಡಿನೋಸುಮ್ಯಾಬ್ ಎಂಬ ಚುಚ್ಚುಮದ್ದು ಆ ರ್‍ಯಾಂಕ್ ಲೈಗ್ಯಾಂಡ್ ಸಂಕೇತವನ್ನೇ ತಡೆಯುತ್ತದೆ. 2013ರಲ್ಲಿ ಅಮೆರಿಕದಲ್ಲಿ ಈ ಗಡ್ಡೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೊಟ್ಟರೆ ದೈತ್ಯಕೋಶಗಳು ಮಾಯವಾಗುತ್ತವೆ, ಗಡ್ಡೆಯೊಳಗೆ ಎಲುಬು ಕಟ್ಟುತ್ತದೆ, ನೋವು ಇಳಿಯುತ್ತದೆ. ಆಪರೇಶನ್ನಿಗೆ ಮೊದಲು ಕೊಟ್ಟು ಗಡ್ಡೆಯನ್ನು ಗಟ್ಟಿ ಮಾಡಿಕೊಳ್ಳೋಣ ಎಂದು ಒಬ್ಬರು ಸೂಚಿಸಿದರು.

ಶಸ್ತ್ರಚಿಕಿತ್ಸಕರು ಒಪ್ಪಲಿಲ್ಲ, ನನಗೂ ಅದೇ ಸರಿ ಎನಿಸಿತು. ಕೆರೆದು ತೆಗೆಯುವುದೇ ಯೋಜನೆಯಾದರೆ, ಮೊದಲು ಡಿನೋಸುಮ್ಯಾಬ್ ಪಡೆದವರಲ್ಲಿ ಗಡ್ಡೆ ಮರಳುವುದು ಹೆಚ್ಚು ಎಂದು ಹಲವು ಕೇಂದ್ರಗಳ ಅನುಭವ ತೋರಿಸಿದೆ. ಹೊಸದಾಗಿ ಕಟ್ಟಿದ ಎಲುಬಿನ ಒಳಗೆ ಜಿ34ಡಬ್ಲ್ಯೂ ಇರುವ ಕೋಶಗಳು ಅಡಗಿ ಉಳಿಯುತ್ತವೆ, ಕೆರೆಯುವ ಕೈಗೆ ಗಡ್ಡೆಯ ಅಂಚು ಸಿಗುವುದಿಲ್ಲ. ಎಲ್ಲಿ ಆಪರೇಶನ್ ಮಾಡುವುದೇ ಬಹಳ ಕಷ್ಟವೋ, ಬೆನ್ನೆಲುಬಿನ ತಳದ ಸ್ಯಾಕ್ರಮ್ ಎಲುಬಿನಂಥ ಕಡೆ, ಅಲ್ಲಿ ಅದರ ಬೆಲೆ ಬೇರೆ. ಈಕೆಗೆ ಮಕ್ಕಳ ಆಸೆಯಿತ್ತು, ಆ ಔಷಧ ಗರ್ಭಕ್ಕೆ ಸಲ್ಲದು. ಪೆಥಾಲಜಿಯ ಕಡೆಯಿಂದ ನಾನು ಸೇರಿಸಿದ ಮಾತು ಇಷ್ಟೇ: ಔಷಧದ ನಂತರದ ಗಡ್ಡೆ ಸ್ಲೈಡ್‌ನಲ್ಲಿ ಆಸ್ಟಿಯೋಸಾರ್ಕೋಮಾದ ಹಾಗೆ ಕಾಣಬಲ್ಲದು, ಒಮ್ಮೆ ದಾಟಿದ ಗೊಂದಲವನ್ನು ನಾವೇ ಮತ್ತೆ ತಂದುಕೊಂಡಂತೆ.

ಆಪರೇಶನ್ ಆಯಿತು. ದೊಡ್ಡ ಕಿಟಕಿ ತೆರೆದು ಗಡ್ಡೆಯನ್ನು ಕೆರೆದರು, ವೇಗವಾಗಿ ತಿರುಗುವ ಬರ್ ಎಂಬ ಉಪಕರಣದಿಂದ ಗೋಡೆಗಳನ್ನು ಉಜ್ಜಿದರು, ಸಿಮೆಂಟು ತುಂಬಿ ಪ್ಲೇಟು ಕೂರಿಸಿದರು. ತೆಗೆದ ಗಡ್ಡೆಯನ್ನೆಲ್ಲ ಈ ಸಲ ಮೊದಲೇ ವಿಂಗಡಿಸಿ, ಮೃದು ಭಾಗ ಬೇರೆ, ಗಟ್ಟಿ ಭಾಗ ಬೇರೆ, ಗಟ್ಟಿಯದಕ್ಕೆ ಇಡಿಟಿಎ ಬಳಸಿ ನೋಡಿದೆವು. ಎಲ್ಲ ಕಡೆ ಅದೇ ಗಡ್ಡೆ. ಮುರಿತದ ಅಂಚಿನಲ್ಲಿ ಹೆಣೆದ ಹೊಸ ಎಲುಬಿನ ಮೇಲೆ ಸಾಲಾಗಿ ಕೂತ ಕೋಶಗಳಲ್ಲಿ ಎಸ್‌ಎಟಿಬಿ2 ಇತ್ತು, ಜಿ34ಡಬ್ಲ್ಯೂ ಇರಲಿಲ್ಲ. ಅವು ಗಡ್ಡೆಯವಲ್ಲ, ಎಲುಬನ್ನು ಕೂಡಿಸಲು ಬಂದ ಆಕೆಯ ಸ್ವಂತ ಕೋಶಗಳು. ಮೊದಲ ಬಯಾಪ್ಸಿಯಲ್ಲಿ ಕಂಡು ಆಸ್ಟಿಯೋಸಾರ್ಕೋಮಾದ ಹೆಸರು ಬರುವಂತೆ ಮಾಡಿದ್ದವೂ ಇವೇ.

ಈ ಪ್ರಕರಣದಿಂದ ಬದಲಾದದ್ದು

ಈಗ ನಮ್ಮಲ್ಲಿ ಎಲುಬಿನ ಬಯಾಪ್ಸಿ ಬಂದರೆ ಮೊದಲ ಕೆಲಸ ಬಾಟಲಿಯನ್ನು ತಟ್ಟೆಗೆ ಸುರಿದು ಬೆರಳಲ್ಲಿ ಮುಟ್ಟಿ ನೋಡುವುದು. ಬ್ಲೇಡಿಗೆ ಸುಲಭವಾಗಿ ಕೊಯ್ಯಲು ಬರುವ ಚೂರು ಆಸಿಡ್‌ಗೆ ಹೋಗುವುದಿಲ್ಲ, ಪ್ರತ್ಯೇಕ ಬ್ಲಾಕು ಆಗುತ್ತದೆ. ಗಟ್ಟಿಯದು ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಸರಿಯಾಗಿ ನೆನೆದ ಮೇಲೆ ಇಡಿಟಿಎಗೆ. ಅವಸರವಿದ್ದರೆ ಫಾರ್ಮಿಕ್ ಆಸಿಡ್, ಆದರೆ ಯಾವುದರಲ್ಲಿ ಎಷ್ಟು ಹೊತ್ತು ಎಂಬುದು ವರದಿಯಲ್ಲೇ ಬರುತ್ತದೆ. ಬ್ಲಾಕು ಬೇರೆ ಊರಿಗೆ ಹೋಗುವಾಗ ಆ ಮಾಹಿತಿಯೂ ಜೊತೆಗೆ ಹೋಗುತ್ತದೆ. ಬಣ್ಣ ಓದುವವರಿಗೆ ಅದು ತಿಳಿಯದಿದ್ದರೆ ಅವರು ಓದುವುದು ಅರ್ಧ ಪುಟ. ಎರಡನೇ ವರದಿ ಬರೆದವರಿಗೆ ಅದು ತಿಳಿಸಿರಲೇ ಇಲ್ಲ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. ಅವರ ಮುಂದೆ ಹಳೆಯ ಎಕ್ಸ್‌ರೇಯೂ ಇರಲಿಲ್ಲ.

ಮೂಳೆ ವೈದ್ಯರಲ್ಲಿ ಒಂದು ಕೋರಿಕೆ. ಮುರಿತದ ಜೊತೆಗಿರುವ ಗಡ್ಡೆಯಾದರೆ ಬಯಾಪ್ಸಿಯನ್ನು ಮುರಿತದ ಗೆರೆಯಿಂದ ಆದಷ್ಟು ದೂರ ತೆಗೆಯಿರಿ, ಮುರಿತವಾಗಿ ಎಷ್ಟು ದಿನವಾಯಿತು ಎಂದು ಚೀಟಿಯಲ್ಲಿ ಬರೆಯಿರಿ. ಹಳೆಯ ಫಿಲ್ಮು ಇದೆಯೇ ಎಂದು ಮನೆಯವರನ್ನು ಕೇಳಿ. ನಮ್ಮ ಭಾಗದ ಮನೆಗಳಲ್ಲಿ ಎಕ್ಸ್‌ರೇ ಫಿಲ್ಮುಗಳನ್ನು ಎಸೆಯುವುದಿಲ್ಲ, ಕೇಳಿದರೆ ಸಿಗುತ್ತವೆ.

ಸರಿಯಾದ ಬ್ಲಾಕಿನಲ್ಲೂ ಜಿ34ಡಬ್ಲ್ಯೂ ಬಾರದ ದೈತ್ಯಕೋಶ ಗಡ್ಡೆಗಳಿವೆ. ಕೆಲವುಗಳಲ್ಲಿ ಅದೇ 34ನೇ ಸ್ಥಾನದಲ್ಲಿ ಟ್ರಿಪ್ಟೊಫ್ಯಾನ್ ಬದಲು ಬೇರೆ ಅಮೈನೋ ಆಮ್ಲ ಇರುತ್ತದೆ, ಈ ಆಂಟಿಬಾಡಿ ಅದನ್ನು ಹಿಡಿಯುವುದಿಲ್ಲ. ಕಾಂಡ್ರೋಸಾರ್ಕೋಮಾದ ಐಡಿಎಚ್1 ಎಂಬ ಜೀನಿನ ವಿಷಯದಲ್ಲೂ ಇದೇ ತೊಡಕಿದೆ. ಬಳಕೆಯಲ್ಲಿರುವ ಆಂಟಿಬಾಡಿ ಆರ್132ಎಚ್ ಬದಲಾವಣೆಯನ್ನು ಹಿಡಿಯುತ್ತದೆ, ಮೃದ್ವಸ್ಥಿ ಗಡ್ಡೆಗಳಲ್ಲಿ ಹೆಚ್ಚಾಗಿರುವುದು ಆರ್132ಸಿ. ಅಂಥ ಕಡೆ ಡಿಎನ್‌ಎ ಓದಿಸಬೇಕು. ಆಸಿಡ್‌ನಲ್ಲಿ ಬೆಂದ ಬ್ಲಾಕಿನಲ್ಲಿ ಡಿಎನ್‌ಎಯೂ ಚೂರಾಗಿರುತ್ತದೆ, ಹಾಗಾಗಿ ಮೃದು ಭಾಗವನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಅದಕ್ಕೂ ಬೇಕು.

ರೋಗಿ ಈಗ ಊರುಗೋಲಿಲ್ಲದೆ ನಡೆಯುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವ ಕೆಲಸ ಬಿಡಿಸಿದ್ದೇವೆ, ಶೆಡ್‌ನಲ್ಲೇ ತೂಕ ಹಾಕುವ ಕಡೆ ಸೇರಿಕೊಂಡಿದ್ದಾರೆ. ಈ ಗಡ್ಡೆ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ, ಹಾಗಾಗಿ ನಿಗದಿತ ಅಂತರದಲ್ಲಿ ಮೊಣಕಾಲಿನ ಎಕ್ಸ್‌ರೇ ಮತ್ತು ಎದೆಯ ಚಿತ್ರ ನಡೆಯುತ್ತಿವೆ. ಸಿಮೆಂಟಿನ ಸುತ್ತ ಒಂದು ತೆಳು ಕಪ್ಪು ಗೆರೆ, ಅದರಾಚೆ ಬಿಳಿ ಅಂಚು ಇರುವುದು ಸಹಜ. ಆ ಗೆರೆ ಹಿಂದಿನ ಫಿಲ್ಮಿಗಿಂತ ಅಗಲವಾದರೆ, ಅಥವಾ ಬಿಳಿ ಅಂಚು ಒಂದು ಕಡೆ ಕಳೆದುಹೋದರೆ, ಕಾಯದೆ ಬರಬೇಕು ಎಂದು ಮನೆಯವರಿಗೆ ಫಿಲ್ಮು ಹಿಡಿದು ತೋರಿಸಿದ್ದೇವೆ. ಇದುವರೆಗಿನ ಫಿಲ್ಮುಗಳಲ್ಲಿ ಗೆರೆ ಇದ್ದಲ್ಲೇ ಇದೆ.